ಬಿಡಿಸಿಕೊಂಡದ್ದು

ನನ್ನ ಓದೆಲ್ಲ ನಡೆಯುವುದು ಬಸ್ಸಿನಲ್ಲಿ. ಹುಟ್ಟಿದ್ದು ಭಟ್ಕಳ, ಮನೆ ಹೊನ್ನಾವರ, ಕೆಲಸ ಕುಮಟಾದ ಒಂದು ಸೊಸೈಟಿಯಲ್ಲಿ. ಸುಮಾರು 20 ಕಿಲೋಮೀಟರ್ ದಾರಿ. ಸೀಟು ಸಿಕ್ಕರೆ ಒಂದು ಸಣ್ಣಕತೆ ಮುಗಿಯುತ್ತದೆ, ಸಿಗದಿದ್ದರೆ ಅರ್ಧ. ಹೆದ್ದಾರಿ ಅಗಲ ಮಾಡುತ್ತಿದ್ದ ವರ್ಷಗಳಲ್ಲಿ ಬಸ್ಸು ನಿಂತು ನಿಂತು ಹೋಗುತ್ತಿದ್ದುದರಿಂದ ದಪ್ಪ ಕಾದಂಬರಿಗಳನ್ನೂ ಮುಗಿಸಿದ್ದೇನೆ. ಬರೆಯುವುದು ಮಾತ್ರ ರಾತ್ರಿ, ಊಟವಾದ ಮೇಲೆ, ವರ್ಷಕ್ಕೆ ಎರಡೋ ಮೂರೋ ಕತೆ. ಅವುಗಳಲ್ಲಿ ಒಂದರ ಬಗ್ಗೆ ಹೇಳಬೇಕಿದೆ.

ಸೊಸೈಟಿಯಲ್ಲಿ ನನ್ನದು ಬಂಗಾರದ ಸಾಲದ ಕೌಂಟರ್. ನಮ್ಮಲ್ಲಿ ಸಾಲಕ್ಕೂ ಮಳೆಗೂ ನಂಟಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಎದ್ದಿರುತ್ತದೆ, ನಿಷೇಧ ಸರಿಯಾದದ್ದೇ. ಆದರೆ ಫೀಸು, ಪುಸ್ತಕ, ಕೊಡೆ ಎಲ್ಲ ಒಟ್ಟಿಗೆ ಬರುವುದೂ ಅದೇ ಜೂನ್‌ನಲ್ಲಿ. ಆ ದಿನಗಳಲ್ಲಿ ನನ್ನ ತಕ್ಕಡಿಗೆ ಬಿಡುವಿಲ್ಲ.

ಅಂಥದೊಂದು ದಿನ ಮೀನು ಮಾರುವ ಅಕ್ಕ ಒಬ್ಬರು ಬಂದು, ಕೌಂಟರಿನ ಮುಂದೆ ನಿಂತೇ ಕಿವಿಯಿಂದ ಬೆಂಡೋಲೆ ಬಿಚ್ಚಿದರು. ಒಂದರ ತಿರುಪು ಬಿಗಿಯಾಗಿತ್ತು. ಅದು ಬಿಚ್ಚಿ ಬರುವವರೆಗೆ ಹಿಂದೆ ನಿಂತವರೆಲ್ಲ ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಅವರು ಒಂದು ಮಾತು ಅಂದರು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಅದೇ ರಾತ್ರಿ ಕತೆ ಬರೆದೆ. ಹೆಸರು ಬದಲಿಸಿದೆ, ಊರನ್ನು ಶಿರಾಲಿಗೆ ಸಾಗಿಸಿದೆ, ಸೊಸೈಟಿಯನ್ನು ಸೊನಗಾರರ ಅಂಗಡಿ ಮಾಡಿದೆ. ತಿರುಪು ಮತ್ತು ಆ ಮಾತು ಹಾಗೇ ಉಳಿದವು. ಹೆಂಗಸು ಬರಿಗಿವಿಯಲ್ಲಿ ಮಳೆಗೆ ಇಳಿದು ಹೋಗುವಲ್ಲಿಗೆ ಕತೆ ಮುಗಿಯುತ್ತಿತ್ತು. ತಿದ್ದುತ್ತ ತಿದ್ದುತ್ತ ವರ್ಷ ಕಳೆದು, ಮರುವರ್ಷದ ಒಂದು ದೀಪಾವಳಿ ವಿಶೇಷಾಂಕದಲ್ಲಿ ಅಚ್ಚಾಯಿತು. ಓದಿದವರು ಮೆಚ್ಚಿದ್ದು ತಿರುಪನ್ನು ಮತ್ತು ಆ ಮಾತನ್ನು. ನಾನೇ ಕಟ್ಟಿದ ಸಾಲುಗಳ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಮನಸ್ಸು ಕುಟುಕಿದಾಗ ನಮ್ಮ ಕಡೆಯ ದೊಡ್ಡವರನ್ನು ನೆನೆದು ಸಮಾಧಾನ ಮಾಡಿಕೊಂಡೆ. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬೈಯಲ್ಲಿ ರಾಸಾಯನಿಕ ಉದ್ಯಮದ ಕೆಲಸದಲ್ಲಿದ್ದುಕೊಂಡು ಮತ್ತೆ ಮತ್ತೆ ಹನೇಹಳ್ಳಿಯನ್ನು ಬರೆದರು. ಅದೂ ಊರವರ ಬದುಕೇ ಅಲ್ಲವೇ? ಆದರೆ ಈ ಸಮಾಧಾನ ಬಹಳ ದಿನ ಬಾಳಲಿಲ್ಲ. ಅವರಿಗೂ ಹನೇಹಳ್ಳಿಗೂ ನಡುವೆ ಇಡೀ ಕೊಂಕಣ ತೀರವಿತ್ತು, ವರ್ಷಗಳಿದ್ದವು. ಗೋಕರ್ಣದ ಜಯಂತ ಕಾಯ್ಕಿಣಿಯವರು 1974ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ಇಟ್ಟ ಹೆಸರು ‘ರಂಗದಿಂದೊಂದಿಷ್ಟು ದೂರ’. ನನ್ನಂಥವನಿಗೆ ಆ ಒಂದಿಷ್ಟು ದೂರವೂ ಇಲ್ಲ. ನಾನು ಯಾರ ಬಗ್ಗೆ ಬರೆದೆನೋ ಅವರು ಸಂಜೆ ಖಾಲಿ ಬುಟ್ಟಿ ಹಿಡಿದು ಅದೇ ಬಸ್ಸು ಹತ್ತುತ್ತಾರೆ. ಅವರು ತಮ್ಮ ಕಷ್ಟ ತೋರಿಸಿದ್ದೂ ಕತೆಗಾರನಿಗಲ್ಲ, ಸಾಲ ಕೊಡುವ ಗುಮಾಸ್ತನಿಗೆ. ಲೆಡ್ಜರಿನಲ್ಲಿದ್ದದ್ದನ್ನು ಹೊರಗೆ ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಕತೆಯಲ್ಲಿ ಹೇಳಿದರೆ ಗೌರವಧನ ಬರುತ್ತದೆ!

ವಿಶೇಷಾಂಕ ಬಂದ ತಿಂಗಳಿಗೆ ಅವರು ಕೌಂಟರಿಗೆ ಬಂದರು. ಕಾಲೇಜಿಗೆ ಹೋಗುವ ಮಗಳು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದಳಂತೆ. ಬೈಸಿಕೊಳ್ಳಲು ತಯಾರಾಗಿ ಎದ್ದು ನಿಂತೆ. ಅವರು ಬೈಯಲಿಲ್ಲ.

“ಎಲ್ಲ ಸಮಾ ಬರ್ದೀಯಲ್ಲ ತಮಾ. ಬೆಂಡೋಲೆ ಬಿಡಿಸ್ಕೊಂಡದ್ದು ಎಂತಕ್ಕೆ ಬರೀಲಿಲ್ಲ? ನಿನ್ನ ಕೈಯಿಂದ್ಲೇ ಅಲ್ದಾ ಇಸ್ಕೊಂಡದ್ದು?”

ಹೌದು. ಅಡವಿಟ್ಟ ಮರುವರ್ಷದ ಜನವರಿಯಲ್ಲೇ ಬಂದು, ಅಸಲು ಬಡ್ಡಿ ಎಣಿಸಿಕೊಟ್ಟು, ಅಲ್ಲೇ ನಿಂತು ಎರಡೂ ಕಿವಿಗೆ ಹಾಕಿಕೊಂಡು, ನನ್ನ ಊಟದ ಡಬ್ಬಿಯ ಸ್ಟೀಲು ಮುಚ್ಚಳದಲ್ಲಿ ಮುಖ ನೋಡಿಕೊಂಡು ಹೋಗಿದ್ದರು. ಚೀಟಿಯ ಮೇಲೆ ಸಹಿ ನನ್ನದೇ. ಆಗ ಕತೆ ಇನ್ನೂ ನನ್ನ ಚೀಲದಲ್ಲಿತ್ತು. ಅದಾದ ಮೇಲೂ ಎಷ್ಟೋ ಸಲ ತಿದ್ದಿದೆ. ಆ ದಿನವೂ ಕತೆಗೆ ಸೇರಿದ್ದು ಎಂದು ಒಮ್ಮೆಯೂ ಹೊಳೆಯಲಿಲ್ಲ.

ಯಾಕೆ ಹೊಳೆಯಲಿಲ್ಲ? ಬಡವರ ಕತೆ ಸೋಲಿನಲ್ಲಿ ಮುಗಿದರೆ ಗಂಭೀರ, ಸಾಲ ತೀರಿದಲ್ಲಿ ಮುಗಿದರೆ ಶಾಲೆಯ ಪಾಠ ಎಂಬುದು ನನ್ನೊಳಗೆ ಯಾವಾಗಲೋ ಕೂತುಬಿಟ್ಟಿತ್ತು. ಒಳ್ಳೆಯ ಪುಸ್ತಕಗಳು ಇದನ್ನು ಹೇಳಿಕೊಟ್ಟಿಲ್ಲ. ಅವಸರದಲ್ಲಿ ಓದಿ ನಾನೇ ಕಲಿತುಕೊಂಡದ್ದು. ಕೇಳದೆ ಬರೆದದ್ದು ತಪ್ಪು, ಅದಿರಲಿ. ಅವರ ಇಡೀ ವರ್ಷದಲ್ಲಿ ನನಗೆ ಬೇಕಾದ ಐದು ನಿಮಿಷ ಮಾತ್ರ ಕತ್ತರಿಸಿಕೊಂಡು, ಇವರು ಇಷ್ಟೇ ಎಂದು ಜನರಿಗೆ ತೋರಿಸಿದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಸೋತದ್ದನ್ನು ಎಲ್ಲರಿಗೂ ಹೇಳಿ, ಗೆದ್ದದ್ದನ್ನು ಲೆಡ್ಜರಿನಲ್ಲೇ ಬಚ್ಚಿಟ್ಟೆ.

ಇದನ್ನು ಬರೆಯುವ ಮೊದಲು, ಹೋದ ವಾರ, ಸಂಜೆಯ ಬಸ್ಸಿನಲ್ಲಿ ಅವರನ್ನು ಕೇಳಿದೆ. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು.

“ಬಿಡಿಸ್ಕೊಂಡದ್ದು ಹಾಕುದಾದ್ರೆ ಬರಿ. ಆ ಮಾತೊಂದು ಬ್ಯಾಡ.”

ಆಮೇಲೆ ಸೀಟಿನ ಮೇಲಿದ್ದ ಬುಟ್ಟಿಯನ್ನು ಕಾಲ ಬುಡಕ್ಕೆ ಇಳಿಸಿ, ನನಗೆ ಜಾಗ ಮಾಡಿದರು.