ಸಾವಿರ ಕೋಟಿಯ ಧೂಳು

ಒಂದು ಲೆಕ್ಕ ಕೇಳಬೇಕಾಗಿದೆ. 2022ರ ಏಪ್ರಿಲ್ 14ರಂದು ‘ಕೆ.ಜಿ.ಎಫ್.’ ಚಿತ್ರದ ಎರಡನೇ ಭಾಗ ಐದು ಭಾಷೆಗಳಲ್ಲಿ ತೆರೆಗೆ ಬಂತು. ಅವತ್ತು ಬಾಬಾಸಾಹೇಬರು ಹುಟ್ಟಿದ ದಿನ. ಸುಮಾರು ನೂರು ಕೋಟಿ ಹಾಕಿದರೆಂದೂ ಸಾವಿರ ಕೋಟಿ ದಾಟಿ ಬಾಚಿದರೆಂದೂ ಪತ್ರಿಕೆಗಳು ಬರೆದವು. ಕನ್ನಡ ಗೆದ್ದಿತು ಅಂದರು. ಗೆದ್ದದ್ದು ಕನ್ನಡವೋ ಬಂಡವಾಳವೋ ಅನ್ನೋ ಜಗಳ ಆಮೇಲೆ ಆಡೋಣ. ನಮ್ಮ ಪ್ರಶ್ನೆ ಬೇರೆ: ಒಂದು ಜನದ ಊರಿನ ಹೆಸರನ್ನ, ಧೂಳನ್ನ, ಮಸಿ ಹಿಡಿದ ಮುಖವನ್ನ ಸರಕು ಮಾಡಿ ಗಳಿಸಿದ ಹಣಕ್ಕೆ ಆ ಜನದ ಋಣ ಇದೆಯೋ ಇಲ್ಲವೋ?

ಕೋಲಾರದ ಗಣಿಗೆ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಒಳಕ್ಕೆ ಇಳಿದೋರು ಬಹುಪಾಲು ತಮಿಳು ಸೀಮೆಯಿಂದ ಹಸಿವು, ಜಾತಿ ಎರಡನ್ನೂ ಬಿಟ್ಟು ಓಡಿಬಂದ ದಲಿತರು. ಹಸಿವು ಸ್ವಲ್ಪ ಹಿಂದುಳಿಯಿತು, ಜಾತಿ ಕೂಲಿಲೈನಿಗೂ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಮಿಕ್ಕ ಚಿನ್ನ ಮೇಲೆ ಬಂತು. ಕಲ್ಲಿನ ಧೂಳು ಮಾತ್ರ ಅಗೆದವನ ಪುಪ್ಪಸದಲ್ಲೇ ಉಳಿಯಿತು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಓಡಿದ್ದೂ ಈ ಗಣಿಗೇ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಉಳಿದದ್ದು ಸೈನೈಡ್ ಗುಡ್ಡ, ಗಾಳಿ ಬೀಸಿದರೆ ಅನ್ನದ ತಟ್ಟೆಗೆ ಬೀಳೋ ಬೂದಿ. ಆ ಗುಡ್ಡವೇ ಸಿನಿಮಾಕ್ಕೆ ಸೆಟ್ಟಾಯಿತು.

ಅದು ಕಲ್ಪನೆಯ ಕತೆ ಅಂತಾರೆ. ಆಗಲಿ. ಆದರೆ ಕಲ್ಪನೆ ಯಾವ ಕಡೆಗೆ ವಾಲಿತು ನೋಡಿ. ಪರದೆಯ ಮೇಲೆ ಗಣಿಯ ಜನ ಗುಲಾಮರು, ಹೊರಗಿಂದ ಒಬ್ಬ ವೀರ ಬರೋತನಕ ಕಾಯೋರು. ನಿಜದ ಗಣಿಯಲ್ಲಿ 1930ರಲ್ಲೇ, ಬಲವಾದ ಸಂಘ ಅನ್ನೋದು ಇಲ್ಲದ ಕಾಲದಲ್ಲೇ, ಕಳ್ಳರ ಹಾಗೆ ಬೆರಳಚ್ಚು ಕೊಡೋಲ್ಲ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದ್ದರು. ಯಾವ ವೀರನಿಗೂ ಕಾದಿರಲಿಲ್ಲ. ಇದು ನಿರ್ದೇಶಕನೊಬ್ಬನ ದುರುದ್ದೇಶ ಅಂತ ನಾವು ಹೇಳೋಲ್ಲ. ನೂರು ಕೋಟಿ ಹೂಡಿದ ಮೇಲೆ ಬಡ್ಡಿ ದಿನಾ ಓಡುತ್ತದೆ; ಮೊದಲ ಮೂರು ದಿನದಲ್ಲಿ ಥಿಯೇಟರು ತುಂಬಬೇಕು; ಐದು ಭಾಷೆಯೋರಿಗೂ ಒಂದೇ ಏಟಿಗೆ ಅರ್ಥ ಆಗಬೇಕು. ಸುತ್ತಿಗೆ ಹಿಡಿದ ಒಬ್ಬ ಗಂಡಸು ಯಾವ ಭಾಷೆಗಾದರೂ ಸಲ್ಲುತ್ತಾನೆ, ಮುಷ್ಕರದ ಸಭೆ ಸಲ್ಲೋದಿಲ್ಲ. ಅಂದರೆ ಕತೆ ಬರೆಯೋ ಪೆನ್ನು ಹಣದ ಕೈಯಲ್ಲಿದೆ.

ಹಾಗಾದರೆ ನಮ್ಮವರೇ ಮಾಡಲಿ ಅನ್ನೋರುಂಟು. ಪಾ. ರಂಜಿತ್ ಅದೇ ಗಣಿಯ ನೆಲದ ಮೇಲೆ ‘ತಂಗಲಾನ್’ ಮಾಡಿದರು, 2024ರಲ್ಲಿ. ಅಗೆದವರ ಕಣ್ಣಿಂದ ಹೇಳಿದರು, ದೊಡ್ಡ ಮಾತು. ಅದಕ್ಕೂ ದೊಡ್ಡ ನಟ, ದೊಡ್ಡ ಬಂಡವಾಳ ಬೇಕಾಯಿತು ಅನ್ನೋದನ್ನೂ ಮರೆಯಬಾರದು. ಹೇಳುವ ಬಾಯಿ ಬದಲಾದರೆ ಅರ್ಧ ಕೆಲಸ; ಗಲ್ಲಾಪೆಟ್ಟಿಗೆಯ ಕೀಲಿ ಬದಲಾಗಿಲ್ಲ.

ಇನ್ನು ನೋಡೋರ ಪಾಡು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ನಿರ್ಮಾಪಕರು, ಮಲ್ಟಿಪ್ಲೆಕ್ಸಿನವರು ಕೋರ್ಟಿಗೆ ಹೋದರು, ಅದೇ ತಿಂಗಳು ತಡೆಯಾಜ್ಞೆ ಬಂತು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370. ಗಂಡ, ಹೆಂಡತಿ, ಒಂದು ಮಗು ನೋಡಬೇಕೆಂದರೆ ಮಿತಿ ಹಾಕಿದ ದರದಲ್ಲೇ ಒಂದೂವರೆ ದಿನಕ್ಕೂ ಹೆಚ್ಚು ಮಣ್ಣು ಹೊರಬೇಕು.

ಋಣ ಅಂದರೆ ಭಿಕ್ಷೆ ಅಲ್ಲ. ಯಾರದೋ ತೋಟದ ಮಾವು ಮಾರಿದರೆ ತೋಟದವನಿಗೆ ಪಾಲು ಕೊಡ್ತೀವಿ. ಊರಿನ ಸಂಕಟ ಮಾರಿದರೆ ಪಾಲು ಯಾಕಿಲ್ಲ? ಸಂಕಟಕ್ಕೆ ಪಹಣಿ ಇಲ್ಲ, ಅಷ್ಟೇ ತಾನೆ? ಸಿನಿಮಾ ಕೆಲಸಗಾರರ ಕಲ್ಯಾಣಕ್ಕೆ ಟಿಕೆಟ್ಟಿನ ಮೇಲೆ ಶೇಕಡಾ 1ರಿಂದ 2ರಷ್ಟು ಸೆಸ್ ಹಾಕುವ ಮಸೂದೆಗೆ 2024ರಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಲೈಟು ಹೊರೋರಿಗೆ, ಸೆಟ್ಟು ಕಟ್ಟೋರಿಗೆ ಅದು ನ್ಯಾಯವೇ, ಬೇಡ ಅನ್ನೋಲ್ಲ. ಗುಡ್ಡ ಕಟ್ಟಿಕೊಟ್ಟೋರು ಮಾತ್ರ ಆ ಪಟ್ಟಿಯಲ್ಲಿಲ್ಲ. ಅವರ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರ್ತಿದ್ದಾರೆ.