ಒಂದು ರೂಪಾಯಿಯ ಹೊಸ್ತಿಲು

ಕೊಂಡಾಪುರದಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಒಂದು ಬಂಡೆ ಇದೆ. ಆನೆ ಮಲಗಿದಷ್ಟು ದೊಡ್ಡದು. ಮೊದಲು ಇಲ್ಲೆಲ್ಲ ಇಂಥ ಬಂಡೆಗಳೇ ಇದ್ದವಂತೆ. ಕಟ್ಟಡ ಕಟ್ಟುವಾಗ ಮಿಕ್ಕವನ್ನೆಲ್ಲ ಸಿಡಿಸಿ, ಇದೊಂದನ್ನು ಬಿಟ್ಟು, ಸುತ್ತ ಹುಲ್ಲು ಬೆಳೆಸಿ, ರಾತ್ರಿ ಅದರ ಮೇಲೆ ಬೆಳಕು ಬೀಳುವ ಹಾಗೆ ದೀಪ ಹಾಕಿದ್ದಾರೆ. ಸಂಜೆ ನಾವು ನಾಲ್ಕಾರು ಜನ ನಿವೃತ್ತರು ಅದರ ಪಕ್ಕದ ಬೆಂಚಿನ ಮೇಲೆ ಕೂರುತ್ತೇವೆ. ಒಬ್ಬರು ವಿಜಯವಾಡದವರು, ಒಬ್ಬರು ನಾಗಪುರದವರು, ನಾನು ರಾಯಚೂರು ಕಡೆಯವನು. ಎಲ್ಲರೂ ಮಕ್ಕಳ ಕೆಲಸ ಇಲ್ಲಿದೆ ಅಂತ ಬಂದವರೇ. 1998ರಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಶುರುವಾದ ಮೇಲೆ ಈ ಸೀಮೆಯ ಚಹರೆಯೇ ಬದಲಾಯಿತು. ನಮ್ಮ ಗುಂಪಿನಲ್ಲಿ ಕೊಂಡಾಪುರದಲ್ಲೇ ಹುಟ್ಟಿದ್ದು ಅಂದರೆ ಆ ಬಂಡೆ ಒಂದೇ ಅಂತ ನಾಗಪುರದವರು ತಮಾಷೆ ಮಾಡುತ್ತಾರೆ.

ನಾನೂ ನಗುತ್ತೇನೆ. ಆದರೆ ಆ ಬಂಡೆ ನನ್ನನ್ನು ಒಂದು ಪ್ರಶ್ನೆ ಕೇಳುತ್ತಲೇ ಇರುತ್ತದೆ. ಒಂದು ಜಾಗವನ್ನು ಕೆಡವಿ ಅದರ ತುಣುಕೊಂದನ್ನು ಉಳಿಸಿಕೊಂಡರೆ ಅದು ಗೌರವವೋ, ಮನಸ್ಸಾಕ್ಷಿಗೆ ಹಾಕುವ ತೇಪೆಯೋ? ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಊರು ಬಿಟ್ಟು ಬಂದವನಿಗೆ, ಬಿಟ್ಟು ಬಂದದ್ದು ಇದ್ದ ಹಾಗೇ ಇರಬೇಕು ಎಂದು ಹಟ ಹಿಡಿಯುವ ಹಕ್ಕು ಎಷ್ಟಿದೆ? ಇದು ನನಗೆ ಪುಸ್ತಕ ಓದಿ ಹೊಳೆದ ಪ್ರಶ್ನೆಯಲ್ಲ. ಆರು ವರ್ಷ ನಾನೇ ಅಂಥ ಹಟ ಹಿಡಿದು ಕೂತಿದ್ದೆ.

ನಮ್ಮದು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ. ತಾತನ ಕಾಲದ ಜಂತಿ ಮನೆ. ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಾಳಿಗೆಗೆ ಮಣ್ಣು ಹಾಕಿಸಬೇಕು, ಇಲ್ಲವಾದರೆ ಸೋರುತ್ತದೆ. ಬ್ಯಾಂಕಿನ ನೌಕರಿ ಹಿಡಿದು ನಾನು ಊರೂರು ತಿರುಗಿದೆ. ಅಣ್ಣ ಅಲ್ಲೇ ಉಳಿದ. 2012ರಲ್ಲಿ ಅವನು ತೀರಿಕೊಂಡ. ಮರುವರ್ಷ ಅವನ ಮಗ ಬಂದು, 'ಕಾಕಾ, ಹಳೇದು ಕೆಡವಿ ಆರ್‌ಸಿಸಿ ಮನಿ ಕಟ್ಟತೀನಿ, ನೀವೊಂದು ಸಹಿ ಹಾಕಬೇಕು' ಅಂದ. ಮನೆ ಇಬ್ಬರ ಹೆಸರಿನಲ್ಲಿತ್ತು. ನಾನು ಹಾಕಲಿಲ್ಲ. 'ಅಪ್ಪ ಅವ್ವ ಬಾಳಿದ ಮನೆ, ನಾನಿರೋತನಕ ಇರಲಿ' ಅಂದೆ. ಕೇಳಿದವರೆಲ್ಲ 'ಎಂಥಾ ಅಭಿಮಾನ ನೋಡಿ' ಅಂದರು. ನನಗೂ ಹಾಗೇ ಅನ್ನಿಸಿತ್ತು. ವರ್ಷಕ್ಕೊಮ್ಮೆ ಹೋಗಿ, ಎರಡು ದಿನ ಇದ್ದು, ಕಂಬ ಮುಟ್ಟಿ ಬರುತ್ತಿದ್ದೆ. ಉಳಿದ ಮುನ್ನೂರ ಅರವತ್ತಮೂರು ದಿನ ಅಲ್ಲಿದ್ದವರು ಅತ್ತಿಗೆ.

2019ರ ಅಕ್ಟೋಬರಿನಲ್ಲಿ ನಾವಿಬ್ಬರೂ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದ್ದೆವು. ಮಗಳು ಅಲ್ಲಿದ್ದಾಳೆ. ನಮ್ಮ ಕಡೆಯವರು ಪಿಟ್ಸ್‌ಬರ್ಗ್ ಅಂದ ಕೂಡಲೇ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ ಎನ್ನುತ್ತಾರೆ. ನಾವೂ ಅಲ್ಲಿಗೆ ಹೋದೆವು, ಪುಳಿಯೋಗರೆ ತಿಂದೆವು. ಮಾರನೆಯ ದಿನ, ಅಂದರೆ 13ನೇ ತಾರೀಕು ಭಾನುವಾರ, ಅಳಿಯ 'ಬನ್ನಿ ಮಾವ, ಇನ್ನೊಂದು ಗುಡಿ ತೋರಿಸ್ತೀನಿ' ಅಂತ ಓಕ್‌ಲ್ಯಾಂಡ್ ಎಂಬ ಬಡಾವಣೆಗೆ ಕರೆದುಕೊಂಡು ಹೋದ. ನೋಡಿದರೆ ಅಲ್ಲೊಂದು ಹಳೆಯ ಇಟ್ಟಿಗೆ ಗೋಡೆ, ಗೋಡೆ ತುಂಬ ಬಳ್ಳಿ, ಅದರ ಮೇಲೆ '457' ಎಂದು ಬರೆದ ಅಂಕಿ, ಹತ್ತಿರದಲ್ಲಿ ಒಂದು ಧ್ವಜಸ್ತಂಭ. ಸುತ್ತ ಮಡಚುವ ಕುರ್ಚಿ ಹಾಕಿಕೊಂಡು ಕೂತ ಜನ. ಹೆಚ್ಚಿನವರು ನನ್ನ ವಯಸ್ಸಿನವರು, ಕೆಲವರು ಇನ್ನೂ ಹಿರಿಯರು.

ಅದು ಫೋರ್ಬ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನದ ಅವಶೇಷ. 1909ರ ಜೂನ್ 30ರಂದು ಶುರುವಾದ ಮೈದಾನ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ತವರು. ಪಕ್ಕದಲ್ಲಿದ್ದ ವಿಶ್ವವಿದ್ಯಾಲಯಕ್ಕೆ ಜಾಗ ಸಾಲದಾಗಿ 1958ರಲ್ಲಿ ಅದನ್ನು ಕೊಂಡಿತು. 1970ರ ಜೂನ್ 28ಕ್ಕೆ ಕೊನೆಯ ಆಟ, 1971ರಲ್ಲಿ ಕೆಡವಿದರು. ಈಗ ಅಲ್ಲಿ ತರಗತಿಗಳು ನಡೆಯುತ್ತವೆ. ಉಳಿದದ್ದು ಆ ಗೋಡೆಯ ಒಂದಿಷ್ಟು ಭಾಗ, ಧ್ವಜಸ್ತಂಭ, ಮತ್ತು ಪೋಸ್ವಾರ್ ಹಾಲ್ ಎಂಬ ಕಟ್ಟಡದ ನೆಲದಲ್ಲಿ ಗಾಜಿನ ಕೆಳಗೆ ಇಟ್ಟಿರುವ 'ಹೋಮ್ ಪ್ಲೇಟ್'.

ಈ ಹೋಮ್ ಪ್ಲೇಟ್ ಬಗ್ಗೆ ಎರಡು ಮಾತು ಹೇಳಬೇಕು. ಹದಿನೇಳು ಇಂಚು ಅಗಲದ, ಐದು ಮೂಲೆಯ ಬಿಳಿ ರಬ್ಬರ್ ಹಲಗೆ ಅದು. ಬೇಸ್‌ಬಾಲ್‌ನಲ್ಲಿ ಚೆಂಡು ಹೊಡೆಯುವವನು ಅಲ್ಲಿ ನಿಲ್ಲುತ್ತಾನೆ. ಹೊಡೆದು ಮೊದಲನೆಯ, ಎರಡನೆಯ, ಮೂರನೆಯ ಬೇಸ್ ಸುತ್ತಿ ಮತ್ತೆ ಅದನ್ನೇ ಮುಟ್ಟಿದರೆ ಒಂದು ರನ್. ಎಷ್ಟೇ ದೂರ ಓಡಿದರೂ ಮನೆಗೆ ವಾಪಸು ಬಾರದಿದ್ದರೆ ಲೆಕ್ಕಕ್ಕಿಲ್ಲ! ಊರು ಬಿಟ್ಟವರ ಎದೆಗೆ ನಾಟುವ ಆಟ ಅನ್ನಿ.

ಆವತ್ತು ಆ ಜನ ಸೇರಿದ್ದು ಯಾಕೆ ಗೊತ್ತೇ? 1960ರ ಅಕ್ಟೋಬರ್ 13ರಂದು ಅಲ್ಲಿ ವರ್ಲ್ಡ್ ಸೀರೀಸ್‌ನ ಏಳನೆಯ, ಕೊನೆಯ ಪಂದ್ಯ ನಡೆಯಿತು. ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಏಳೂ ಪಂದ್ಯ ಕೂಡಿದರೆ ಯಾಂಕೀಸ್ 55 ರನ್, ಪೈರೇಟ್ಸ್ ಬರೀ 27. ಆದರೂ ಮಧ್ಯಾಹ್ನ 3 ಗಂಟೆ 36 ನಿಮಿಷಕ್ಕೆ ಬಿಲ್ ಮಜರೋಸ್ಕಿ ಚೆಂಡನ್ನು ಗೋಡೆಯಾಚೆ ಹೊಡೆದು, 10-9ರಿಂದ ಪಂದ್ಯವನ್ನೂ ಸರಣಿಯನ್ನೂ ಗೆದ್ದುಕೊಟ್ಟ. 1985ರಲ್ಲಿ ಒಬ್ಬ ಅಭಿಮಾನಿ ಅದೇ ದಿನ ಟೇಪ್ ರೆಕಾರ್ಡರ್ ತಂದು, ಧ್ವಜಸ್ತಂಭದ ಬುಡದಲ್ಲಿ ಒಬ್ಬನೇ ಕೂತು ಹಳೆಯ ರೇಡಿಯೋ ವೀಕ್ಷಕ ವಿವರಣೆ ಕೇಳಿದನಂತೆ. ವರ್ಷ ವರ್ಷ ಜನ ಕೂಡಿಕೊಂಡರು. ನಾವೂ ನಿಂತು ಕೇಳಿದೆವು. ಫಲಿತಾಂಶ ಎಲ್ಲರಿಗೂ ಗೊತ್ತು, ಆದರೂ 3.36 ಹತ್ತಿರ ಬಂದಾಗ ಒಬ್ಬರೂ ಮಾತಾಡಲಿಲ್ಲ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು.

ಅವರನ್ನೇ ಕೇಳಿದೆ, 'ಇಷ್ಟು ಪ್ರೀತಿಯ ಮೈದಾನ ಕೆಡವಿದ್ದಕ್ಕೆ ನಿಮಗೆ ಸಿಟ್ಟಿಲ್ಲವೇ?' ಅವರು ತಲೆಯಾಡಿಸಿ, ಹಿಂದಿನ ಕಟ್ಟಡ ತೋರಿಸಿ, 'ನನ್ನ ಮೊಮ್ಮಗಳು ಅಲ್ಲೇ ಓದಿದ್ದು' ಅಂದರು.

ಆ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು. ಆ ಬೀದಿಯ ಹೆಸರೂ ಕಾಡಿತು. ರೊಬೆರ್ಟೊ ಕ್ಲೆಮೆಂಟೆ ಡ್ರೈವ್. ಕ್ಲೆಮೆಂಟೆ ಪೋರ್ಟೊರಿಕೊ ದ್ವೀಪದಿಂದ ಬಂದು 1955ರಿಂದ ಪೈರೇಟ್ಸ್‌ಗೆ ಆಡಿದವನು. ಸ್ಪ್ಯಾನಿಷ್ ಮಾತಾಡುವವನು. ಅವನ ಇಂಗ್ಲಿಷನ್ನು ಉಚ್ಚಾರ ಸಮೇತ ಪತ್ರಿಕೆಯವರು ಅಚ್ಚು ಹಾಕಿ ನಗುತ್ತಿದ್ದರು. ರೊಬೆರ್ಟೊ ಅನ್ನುವ ಬದಲು 'ಬಾಬ್' ಎಂದು ಕರೆಯುತ್ತಿದ್ದರು. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡ. ಪರಊರಿನಿಂದ ಬಂದವನ ಹೆಸರು ಆ ಬೀದಿಗೆ ಉಳಿದಿದೆ. ಅವನ ಹೆಸರು ಉಳಿಸಿದ್ದು ಇಟ್ಟಿಗೆಗಳಲ್ಲ, ಅವನ ಬದುಕು.

ಹಾಗಂತ ಇಟ್ಟಿಗೆ ಉಳಿದರೆ ಸಾಕೇ? ನಮ್ಮ ಹೈದರಾಬಾದಿನ ಫತೇ ಮೈದಾನವನ್ನೇ ನೋಡಿ, ಈಗಿನ ಲಾಲ್ ಬಹದ್ದೂರ್ ಸ್ಟೇಡಿಯಂ. 1955ರಲ್ಲಿ ಪಾಲಿ ಉಮ್ರಿಗರ್ ನ್ಯೂಜಿಲೆಂಡ್ ವಿರುದ್ಧ 223 ಹೊಡೆದು ಭಾರತದ ಮೊದಲ ಟೆಸ್ಟ್ ದ್ವಿಶತಕ ಮಾಡಿದ್ದು ಅಲ್ಲಿ. 1999ರ ನವೆಂಬರ್ 8ರಂದು ತೆಂಡೂಲ್ಕರ್ 186, ನಮ್ಮ ದ್ರಾವಿಡ್ 153 ಹೊಡೆದು 331 ರನ್ ಜೊತೆಯಾಟ ಆಡಿದ್ದೂ ಅಲ್ಲೇ. ಆಗ ಹೈದರಾಬಾದಿಗೆ ವರ್ಗವಾಗಿ ಬಂದಿದ್ದ ನಾನು ರಜೆ ಹಾಕಿ ಹೋಗಿದ್ದೆ. ದೊಡ್ಡ ಪಂದ್ಯಗಳು 2005ರಿಂದ ಉಪ್ಪಲ್‌ಗೆ ಹೋದವು. ಮೈದಾನ ಮಾತ್ರ ಇಡಿಯಾಗಿ ಇದೆ. ಅದರ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ, ಒಂದು ದಿನವೂ ಇಳಿದು ನಿಂತು ನವೆಂಬರ್ 8 ನೆನೆದಿಲ್ಲ. ಅಲ್ಲಿ ಮೈದಾನ ಹೋಗಿದೆ, ನೆನೆಯುವವರಿದ್ದಾರೆ. ಇಲ್ಲಿ ಮೈದಾನವಿದೆ, ನಾನೇ ನೆನೆಯುವುದಿಲ್ಲ. ಉಳಿಸುವುದು ಬೇರೆ, ನೆನೆಯುವುದು ಬೇರೆ ಅಂತ ಆಗ ಗೊತ್ತಾಯಿತು.

ನಾನು ಲೆಕ್ಕದ ಮನುಷ್ಯ. ಒಂದು ಮೇಜೋ ಯಂತ್ರವೋ ವರ್ಷಾವಧಿ ಸವಕಳಿ ಕಳೆದು ಕಳೆದು ಬೆಲೆ ಸೊನ್ನೆಗೆ ಬಂದರೆ, ಅದನ್ನು ಪುಸ್ತಕದಿಂದ ಹೊಡೆದುಹಾಕದೆ ಒಂದು ರೂಪಾಯಿ ಬೆಲೆಗೆ ಇಟ್ಟುಕೊಳ್ಳುವ ರೂಢಿ ಇದೆ. ಇಂಥದೊಂದು ವಸ್ತು ಇದೆ ಎಂಬುದಕ್ಕೆ ಆ ಒಂದು ರೂಪಾಯಿ ಸಾಕ್ಷಿ. ಪಿಟ್ಸ್‌ಬರ್ಗಿನವರು ಮಾಡಿದ್ದೂ ಅದೇ. ಜಾಗವನ್ನು ಓದುವ ಮಕ್ಕಳಿಗೆ ಕೊಟ್ಟರು, ತಮಗೆ ಒಂದು ರೂಪಾಯಿ ಇಟ್ಟುಕೊಂಡರು. ನಾನು ಮಾಡಿದ್ದೇನು? ನನ್ನ ನೆನಪಿಗೆ ಪೂರಾ ಬೆಲೆ ಹಚ್ಚಿ, ಅದರ ಬಡ್ಡಿಯನ್ನು ಅತ್ತಿಗೆಯಿಂದ ವಸೂಲಿ ಮಾಡಿದ್ದೆ. ಮಳೆ ಬಂದ ರಾತ್ರಿ ಪಾತ್ರೆ ಇಟ್ಟು ನೀರು ಹಿಡಿದವರು ಅವರು. 'ಹಳೇ ಮನೆ ಉಳಿಸಿದ್ದೇನೆ' ಎಂಬ ಹೆಸರು ನನ್ನದು.

ವಾಪಸು ಬಂದು 2020ರ ಜನವರಿಯಲ್ಲಿ ಸಹಿ ಹಾಕಿದೆ. ಅತ್ತಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೇನೋ. ಚಹಾ ಕೊಟ್ಟು, 'ನಿಮಗದು ನೆನಪಿನ ಮನಿ. ನಮಗ ಇರೋ ಮನಿ' ಅಂದರು, ಅಷ್ಟೇ. ಆ ಆರು ಮಳೆಗಾಲಗಳನ್ನು ನಾನು ಯಾವ ಖಾತೆಯಿಂದ ತೀರಿಸಲಿ? ಸಹಿ ಹಾಕಿದ ಮಾತ್ರಕ್ಕೆ ಅದು ತೀರುವುದಿಲ್ಲ, ಗೊತ್ತಿದೆ.

ಏನಾದರೂ ಇಟ್ಟುಕೊಳ್ಳಬೇಕೇ ಎಂದು ಹುಡುಗ ಕೇಳಿದ. ಹೊಸ್ತಿಲು ಇರಲಿ ಅಂದೆ. ಲಾಕ್‌ಡೌನಿನಲ್ಲಿ ಕೆಲಸ ನಿಂತು, 2021ರಲ್ಲಿ ಮನೆ ಮುಗಿಯಿತು. ಹಳೆಯ ಹೊಸ್ತಿಲು ಹೊಸ ಬಾಗಿಲಿಗೆ ಕೂರಲಿಲ್ಲ. ಹಿತ್ತಲ ಬೇವಿನ ಮರದ ಕೆಳಗೆ ಎರಡು ಕಲ್ಲಿನ ಮೇಲೆ ಇಟ್ಟು ಕೂರುವ ಹಲಗೆ ಮಾಡಿದ್ದಾರೆ. ಪಿಟ್ಸ್‌ಬರ್ಗಿನ ಹೋಮ್ ಪ್ಲೇಟ್ ಕೂಡ ಸರಿಯಾಗಿ ಮೊದಲಿದ್ದ ಜಾಗದಲ್ಲೇ ಇಲ್ಲವಂತೆ, ಸ್ವಲ್ಪ ಆಚೀಚೆ. ಅದರಿಂದೇನಾಯಿತು? ಮುಟ್ಟಲು ಬರುವವರು ಬರುತ್ತಾರೆ.

ಈಗ ಪ್ರತಿವರ್ಷ ಅಣ್ಣ ತೀರಿಕೊಂಡ ದಿನ ಹೋಗುತ್ತೇನೆ. ಅತ್ತಿಗೆ ಆ ಹಲಗೆಯ ಮೇಲೆ ಕೂತು ಕಾಳು ಹಸನು ಮಾಡುತ್ತಿರುತ್ತಾರೆ. ನಾನು ಬಂದರೆ ಸ್ವಲ್ಪ ಸರಿದು ಜಾಗ ಬಿಡುತ್ತಾರೆ. ಬಿಟ್ಟು ಹೋದವನಿಗೆ ಅಷ್ಟು ಜಾಗ ಸಾಕು.