ಹೊಂಗೆ ಮರಕ್ಕೆ ಬೋರ್ಡ್ ಬೇಕಾ?

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಅಲ್ಲಿಂದ ಅಪ್ಪನನ್ನು ಒಮ್ಮೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಓಪನ್ ಡೇಗೆ ಕರ್ಕೊಂಡು ಹೋಗಿದ್ದೆ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಶುರುವಾದ ಸಂಸ್ಥೆ. ಲ್ಯಾಬುಗಳ ಮುಂದೆ ದೊಡ್ಡ ಕ್ಯೂ. ಮರ ನೋಡ್ಕೊಂಡು ನಾವೇ ಒಂದು ಸುತ್ತು ಹಾಕೋಣ ಅಂತ ಮೊಬೈಲ್ ತೆಗೆದೆ.

"ಇದು ಮಹಾಗನಿ, ಅಮೆರಿಕ ಖಂಡದ್ದು" ಅಂತ ಓದಿ ಹೇಳಿದೆ. ಅಪ್ಪ ತಲೆಯಾಡಿಸಿದ. ಹೊಂಗೆ ಬಂದಾಗ "ಪೊಂಗಾಮಿಯಾ ಪಿನ್ನಾಟಾ" ಅಂದೆ. ಅಪ್ಪ ನಕ್ಕು, ಬಿದ್ದಿದ್ದ ಕಾಯಿ ಎತ್ತಿ ಜೇಬಿಗೆ ಹಾಕ್ಕೊಂಡ. "ಇದರೆಣ್ಣೇಲಿ ದೀಪ ಹಚ್ಚಿದ್ದೀವಿ, ಸೊಪ್ಪು ಗದ್ದೆಗೆ ತುಳಿದಿದ್ದೀವಿ" ಅಂತ ಜೋರಾಗಿ ಶುರು ಮಾಡಿದ. ಜನ ತಿರುಗಿ ನೋಡಿದರು. "ಮೆಲ್ಲಗೆ ಮಾತಾಡಪ್ಪಾ" ಅಂದೆ.

ಆಮೇಲೆ ಅವನು ಮಾತಾಡಿದ್ದು ಒಂದೇ ಸಲ: "ಇಷ್ಟಕ್ಕೂ ನೀರು ಹಾಕ್ದೋರು ಯಾರೋ?" ನನ್ನ ಮೊಬೈಲಿನಲ್ಲಿ ಉತ್ತರ ಇರಲಿಲ್ಲ.

ಒಂದು ಮರ ಗೊತ್ತು ಅಂದರೆ ಏನು? ಹೆಸರು ತಿಳಿಯೋದನ್ನ ನಾನು ತಳ್ಳಿಹಾಕಲ್ಲ. ಮಹಾಗನಿ ಅಪ್ಪನಿಗೆ ಗೊತ್ತಾಗಿದ್ದೇ ಹಾಗೆ. ಆದರೆ ಹೊಂಗೆ ವಿಷಯದಲ್ಲಿ ನನ್ನ ಹತ್ತಿರ ಇದ್ದದ್ದು ಮಾಹಿತಿ, ಅವನ ಹತ್ತಿರ ಇದ್ದದ್ದು ಋಣ. ಮಾಹಿತಿ ಇರೋನು ಋಣ ಇರೋನ ಬಾಯಿ ಮುಚ್ಚಿಸಿದ್ದ. ಗೈಡ್ ಇಲ್ಲದೆ ನಡೀತಿದ್ದೀವಿ ಅಂದ್ಕೊಂಡಿದ್ದೆ. ಗೈಡ್ ಪಕ್ಕದಲ್ಲೇ ಇದ್ದ.

ಮೊನ್ನೆ ಊರಿಗೆ ಹೋದಾಗ ಬದುವಿನ ಮೇಲೆ ಮೊಣಕಾಲೆತ್ತರದ ಹೊಂಗೆ ಸಸಿ ಕಂಡಿತು. ಬೋರ್ಡ್ ಇಲ್ಲ. ನೀರು ಹಾಕ್ತಿರೋದು ಯಾರು ಅಂತ ಮಾತ್ರ ಗೊತ್ತು.